ಕಿಟ್ ಲೆನ್ಸ್ ಸಾಲುತ್ತಿಲ್ಲ, ಮುಂದೇನು?

ಪ್ರಶ್ನೆ: ಕ್ಯಾನನ್ 1500ಡಿ ಕ್ಯಾಮೆರಾ, ಜೊತೆಗೆ ಬಂದ 18-55 ಲೆನ್ಸ್ ಇದೆ. ವೇದಿಕೆಯಲ್ಲಿ ಮಗಳ ಭರತನಾಟ್ಯದ ಫೋಟೊ ಮಸುಕಾಗುತ್ತದೆ. 18-135 ಕೊಳ್ಳಲೇ?

ಉತ್ತರ: ಸದ್ಯಕ್ಕೆ ಬೇಡ. ಅದು ದೂರದ್ದನ್ನು ಹತ್ತಿರ ತೋರಿಸೀತು, ಆದರೆ ಜೂಮ್ ಮಾಡಿದೊಡನೆ ಅದೂ ಎಫ್/5.6ಕ್ಕೇ ಇಳಿಯುತ್ತದೆ, ಅಂದರೆ ಬೆಳಕು ಕಡಿಮೆಯೇ ಬರುತ್ತದೆ. ನಿಮಗೆ ಬೇಕಿರುವುದು 50 ಎಂಎಂ ಎಫ್/1.8 ಎಸ್‌ಟಿಎಂ. ಈಗಿನ ಲೆನ್ಸ್ 50ರಲ್ಲಿ ಒಳಬಿಡುವುದಕ್ಕಿಂತ ಸುಮಾರು ಒಂಬತ್ತು-ಹತ್ತು ಪಟ್ಟು ಬೆಳಕು ಇದರಲ್ಲಿ ಬರುತ್ತದೆ. ಜೂಮ್ ಇರುವುದಿಲ್ಲ. ಹಾಗಾಗಿ ಮೊದಲು ನಿಮ್ಮ ಲೆನ್ಸನ್ನೇ 50ಕ್ಕೆ ನಿಲ್ಲಿಸಿ, ಮುಂದಿನ ಸಾಲಿನಲ್ಲಿ ಕುಳಿತು ಒಂದು ಕಾರ್ಯಕ್ರಮ ತೆಗೆದು ನೋಡಿ. ಷಟರ್ 1/250ಕ್ಕಿಂತ ಕೆಳಗಿಳಿಸಬೇಡಿ. ಲೆನ್ಸಿನ ಸ್ಟೆಬಿಲೈಸರ್ ಕೈನಡುಕ ತಡೆದೀತೇ ಹೊರತು ಕುಣಿಯುವ ಕಾಲನ್ನಲ್ಲ. ಸೆಕೆಂಡ್ ಹ್ಯಾಂಡ್ ಲೆನ್ಸ್ ಕೊಳ್ಳುವುದಾದರೆ ಟಾರ್ಚ್ ಬೆಳಕು ಬಿಟ್ಟು ನೋಡಿ, ಒಳಗೆ ಜೇಡರಬಲೆಯಂಥ ಎಳೆ ಕಂಡರೆ ಫಂಗಸ್, ಮುಟ್ಟಬೇಡಿ. ಈಗಿನ ಲೆನ್ಸಿನಲ್ಲಿ ಹಗಲಲ್ಲಿ ಟ್ರೈಪಾಡ್ ಮೇಲಿಟ್ಟು ತೆಗೆದದ್ದೂ ಮಸುಕಾದರೆ ಅಧಿಕೃತ ಸರ್ವಿಸ್ ಸೆಂಟರಿಗೆ ತೋರಿಸಿ.