ಬಸ್ ಬೋರ್ಡು, ಕೋಟೆ ಕಲ್ಲು, ಬೆಳಕಿಂಡಿ

ಹೋದ ಸೆಮಿಸ್ಟರ್ ಕ್ಲಬ್ ಕಾರ್ಯಕ್ರಮಕ್ಕೆ ನಾವೇ ಪೋಸ್ಟರ್ ಮಾಡಿದ್ವಿ. 5 ಫಾಂಟು, 7 ಬಣ್ಣ. ಬಂದವರು 11 ಜನ. "ಟೈಮ್ ಎಲ್ಲಿ ಬರ್ದೀರಿ?" ಅಂತ ಫ್ರೆಂಡ್ಸ್ ಕೇಳಿದಾಗ ನಾಚಿಕೆ ಆಯ್ತು. ಆಮೇಲೆ ಪಿಂಟರೆಸ್ಟ್ ಬಿಟ್ಟು ಸುತ್ತಮುತ್ತ ನೋಡೋಕೆ ಶುರು ಮಾಡಿದ್ವಿ.

ಮೊದಲ ಪಾಠ ದೇವದುರ್ಗದ ಬಸ್ಸಿಂದು. ಬೋರ್ಡಿನಲ್ಲಿ ಊರ ಹೆಸರು ದೊಡ್ಡದು, ದಾರಿಯ ಊರುಗಳು ಸಣ್ಣವು. ಓಡುತ್ತಾ ಬರೋರಿಗೂ ಮುಖ್ಯವಾದದ್ದು ಮೊದಲು ಕಾಣುತ್ತೆ.

ಎರಡನೆಯದು ರಾಯಚೂರು ಕೋಟೆಯದು. ಅಲ್ಲಿನ ಗೋಡೆಯಲ್ಲಿ 1294ರ ತೆಲುಗು ಶಾಸನವಿರುವ, ಸುಮಾರು 41 ಅಡಿ ಉದ್ದದ ಕಲ್ಲಿದೆ. ಅದನ್ನು ಬಂಡಿಯಲ್ಲಿ ಎಳೆದು ತಂದ ಚಿತ್ರವನ್ನೂ ಕೆತ್ತಿದ್ದಾರೆ. ತೆಲುಗು ಓದಲು ಬಾರದ ನಮಗೂ ಕತೆ ತಿಳೀತು. 700 ವರ್ಷ ಹಿಂದಿನ ಇನ್ಫೋಗ್ರಾಫಿಕ್ ಅದು!

ಮೂರನೆಯದು ಮಾನ್ವಿಯ ಗೆಳೆಯನ ಅಜ್ಜಿಯ ಮಾಳಿಗೆ ಮನೆಯದು. ದಪ್ಪ ಗೋಡೆ, ತಣ್ಣನೆ ಕತ್ತಲು. ಬೆಳಕಿಂಡಿಯಿಂದ ಬಿಸಿಲು ಬೀಳೋದು ಅಜ್ಜಿ ಅಕ್ಕಿ ಆರಿಸುವ ಜಾಗಕ್ಕೆ ಮಾತ್ರ. ಸುತ್ತ ಖಾಲಿ ಬಿಟ್ಟರೆ ಕಣ್ಣು ತಾನೇ ಅಲ್ಲಿಗೆ ಹೋಗುತ್ತೆ.

ಈ ಸಲದ ಪೋಸ್ಟರಿನಲ್ಲಿ ಒಂದು ಚಿತ್ರ, ಎರಡು ಬಣ್ಣ, ದೊಡ್ಡದಾಗಿ ದಿನ-ಸಮಯ. ಉಳಿದದ್ದು ಖಾಲಿ.

ನಾಳೆ ಕಾಲೇಜಿಗೆ ಬರುವಾಗ ನೀವೂ ಒಂದು ಬೋರ್ಡು ನೋಡಿ. ಮೊದಲು ಕಂಡದ್ದೇನು? ಯಾಕೆ?