ಸಾವಿರದಲ್ಲೊಬ್ಬನೂ ಉಳಿದವರೂ
ಒಂದು ಕಡಲ್ಗಳ್ಳರ ಚಲಚ್ಚಿತ್ರದ ಗುಣದೋಷ ವಿವೇಚನೆ

ಚಲಚ್ಚಿತ್ರವು ವಿದ್ಯಾರ್ಥಿಗೆ ಮಿತ್ರನೋ ಶತ್ರುವೋ ಎಂಬ ಪ್ರಶ್ನೆ ನಮ್ಮ ಶಾಲೆಗಳಲ್ಲಿ ಬಹುಕಾಲದಿಂದ ಚರ್ಚಿತವಾಗುತ್ತ ಬಂದಿದೆ. ಪಾಲಕರಲ್ಲಿ ಹಲವರು ಅದನ್ನು ಕಾಲಹರಣವೆಂದು ತಿರಸ್ಕರಿಸುತ್ತಾರೆ. ಕೆಲವರು ನಿರುಪದ್ರವಿ ವಿನೋದವೆಂದು ಅಲಕ್ಷಿಸುತ್ತಾರೆ. ಈ ಎರಡು ನಿಲುವುಗಳಲ್ಲಿಯೂ ವಿಚಾರಕ್ಕೆ ಎಡೆಯಿಲ್ಲ. ನೋಡಬೇಡವೆಂದ ಮಾತ್ರಕ್ಕೆ ಹುಡುಗನು ನೋಡದೆ ಬಿಡುವುದಿಲ್ಲ. ನಮಗೆ ತಿಳಿಸದೆ ನೋಡುತ್ತಾನೆ, ಅಷ್ಟೇ. ಚಿತ್ರಮಂದಿರದ ಬಾಗಿಲಲ್ಲಿ ಸಾಲು ನಿಲ್ಲುವ ಶ್ರಮವೂ ಇಂದು ಉಳಿದಿಲ್ಲ. ಅಂಗೈಯ ಮೊಬೈಲಿನಲ್ಲಿಯೇ ಎಲ್ಲವೂ ದೊರೆಯುತ್ತದೆ. ಆದುದರಿಂದ ಪದ್ಯವನ್ನು ವಿಮರ್ಶಿಸುವಂತೆ ಚಿತ್ರವನ್ನೂ ವಿಮರ್ಶಿಸಲು ಕಲಿಸುವುದು ಶಿಕ್ಷಕನ ಕರ್ತವ್ಯಗಳಲ್ಲಿ ಒಂದಾಗಬೇಕಾಗಿದೆ. ಈ ದೃಷ್ಟಿಯಿಂದ ಲಘುವಾದ ಒಂದು ಸಾಹಸ ಚಿತ್ರವನ್ನೇ ಆರಿಸಿಕೊಂಡು ಅದರ ಗುಣದೋಷಗಳನ್ನು ತೂಗಿನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಆ ಚಿತ್ರ ‘ಆಯಿರತ್ತಿಲ್ ಒರುವನ್’. ಎಂದರೆ ‘ಸಾವಿರದಲ್ಲಿ ಒಬ್ಬ’. ತಮಿಳು ಚಿತ್ರವನ್ನು ಏಕೆ ಆರಿಸಿದಿರೆಂದು ಓದುಗರು ಕೇಳಬಹುದು. ಅದಕ್ಕೆ ಕಾರಣವುಂಟು. ೧೯೬೫ರಲ್ಲಿ ತೆರೆಕಂಡ ಈ ಕಡಲ್ಗಳ್ಳರ ಕಥೆಯ ನಿರ್ಮಾಪಕರೂ ನಿರ್ದೇಶಕರೂ ಆದ ಬಿ. ಆರ್. ಪಂತುಲು ಅವರು ನಮಗೆ ಪರಕೀಯರಲ್ಲ. ಕನ್ನಡ ರಂಗಭೂಮಿಯಲ್ಲಿ ಬೆಳೆದು, ೧೯೩೬ರ ‘ಸಂಸಾರ ನೌಕ’ದಲ್ಲಿ ನಾಯಕರಾಗಿ ಚಿತ್ರರಂಗವನ್ನು ಪ್ರವೇಶಿಸಿದವರು ಅವರು. ೧೯೫೮ರ ‘ಸ್ಕೂಲ್ ಮಾಸ್ಟರ್’ ಚಿತ್ರವನ್ನು ನಿರ್ದೇಶಿಸಿ, ಉಪಾಧ್ಯಾಯನ ಪಾತ್ರವನ್ನು ತಾವೇ ಧರಿಸಿದರು. ೧೯೬೧ರಲ್ಲಿ ನಮ್ಮ ನಾಡಿನ ವೀರಕಥೆಯಾದ ‘ಕಿತ್ತೂರು ಚೆನ್ನಮ್ಮ’ವನ್ನು ತೆರೆಗೆ ತಂದರು. ನಾಯಕಿ ಜಯಲಲಿತಾ ಮೇಲುಕೋಟೆಯಲ್ಲಿ ೧೯೪೮ರಲ್ಲಿ ಜನಿಸಿದವರು. ೧೯೬೪ರಲ್ಲಿ ಪಂತುಲು ಅವರದೇ ‘ಚಿನ್ನದ ಗೊಂಬೆ’ ಎಂಬ ಕನ್ನಡ ಚಿತ್ರದಲ್ಲಿ ನಾಯಕಿಯಾಗಿದ್ದರು. ಇವೆಲ್ಲಕ್ಕಿಂತ ಮಿಗಿಲಾದ ಸಂಗತಿ ಎಂದರೆ, ಆ ಚಿತ್ರದ ಕಡಲು ನಮ್ಮ ಕಾರವಾರದ ಕಡಲು. ಹುಬ್ಬಳ್ಳಿಯಿಂದ ಯಲ್ಲಾಪುರದ ಮಾರ್ಗವಾಗಿ ಅರಬೈಲು ಘಟ್ಟವನ್ನಿಳಿದು, ಅಂಕೋಲೆಯನ್ನು ದಾಟಿದರೆ ಸಿಗುವ ಆ ತೀರದಲ್ಲಿಯೇ ಹಡಗಿನ ದೃಶ್ಯಗಳನ್ನು ಚಿತ್ರೀಕರಿಸಲಾಯಿತು. ಹೀಗೆ ನಮ್ಮ ಸಮುದ್ರವನ್ನೂ ನಮ್ಮವರ ಪ್ರತಿಭೆಯನ್ನೂ ಪಡೆದ ಚಿತ್ರ ಇದು. ಭಾಷೆ ಮಾತ್ರ ನೆರೆಯದು.

ಕಥಾಸಾರ

ನೆಯ್ದಲ್ ನಾಡಿನಲ್ಲಿ ಮಣಿಮಾರನ್ ಎಂಬ ವೈದ್ಯನಿದ್ದಾನೆ. ಅರಸೊತ್ತಿಗೆಯ ದಬ್ಬಾಳಿಕೆಯ ವಿರುದ್ಧ ಬಂಡೆದ್ದು ಗಾಯಗೊಂಡವರಿಗೆ ಆತನು ಚಿಕಿತ್ಸೆ ಮಾಡುತ್ತಾನೆ. ಅಷ್ಟಕ್ಕೇ ರಾಜದ್ರೋಹಿಯೆನಿಸಿ, ಬಂಡಾಯಗಾರರೊಡನೆ ಕನ್ನಿ ದ್ವೀಪಕ್ಕೆ ಗುಲಾಮನಾಗಿ ಮಾರಾಟವಾಗುತ್ತಾನೆ. ದ್ವೀಪದ ರಾಜಕುಮಾರಿ ಪೂಂಗೊಡಿ ಅವನಲ್ಲಿ ಅನುರಕ್ತಳಾಗುತ್ತಾಳೆ. ಮುಂದೆ ಗುಲಾಮರು ಬಂಡೆದ್ದು ಹಡಗನ್ನೇರುತ್ತಾರೆ. ಸಂದರ್ಭದ ಒತ್ತಡದಿಂದ ಕಡಲ್ಗಳ್ಳರ ಬಾಳಿಗೆ ಇಳಿಯುತ್ತಾರೆ. ಕರಿಮೇಗಂ ಎಂಬ ಕಡಲ್ಗಳ್ಳನೊಡನೆ ಸೆಣಸುತ್ತಾರೆ. ಮಣಿಮಾರನಾಗಿ ಎಂ. ಜಿ. ರಾಮಚಂದ್ರನ್, ಕರಿಮೇಗಂ ಆಗಿ ಎಂ. ಎನ್. ನಂಬಿಯಾರ್ ಅಭಿನಯಿಸಿದ್ದಾರೆ, ಹಾಸ್ಯಕ್ಕೆ ನಾಗೇಶ್ ಇದ್ದಾರೆ.

ಕಥೆಯ ಬೇರು ದೂರದಲ್ಲಿದೆ. ರಫಾಯಲ್ ಸಬಾಟಿನಿ ೧೯೨೨ರಲ್ಲಿ ಪ್ರಕಟಿಸಿದ ‘ಕ್ಯಾಪ್ಟನ್ ಬ್ಲಡ್’ ಕಾದಂಬರಿಯನ್ನು ೧೯೩೫ರಲ್ಲಿ ಮೈಕೆಲ್ ಕರ್ಟಿಜ್ ಇಂಗ್ಲಿಷ್ ಚಿತ್ರವಾಗಿಸಿದ್ದರು. ತಮಿಳು ಚಿತ್ರದ ಹಂದರ ಅದರದೇ. ಕಾದಂಬರಿಯ ಹಿಂದೆಯೂ ಒಂದು ನಿಜವಿದೆ. ೧೬೮೫ರಲ್ಲಿ ಇಂಗ್ಲೆಂಡಿನಲ್ಲಿ ಮನ್ಮತ್ ಪ್ರಭುವಿನ ದಂಗೆ ಮುರಿದುಬಿದ್ದಾಗ, ಗಾಯಾಳುಗಳಿಗೆ ಚಿಕಿತ್ಸೆ ನೀಡಿದ ಹೆನ್ರಿ ಪಿಟ್‌ಮನ್ ಎಂಬ ವೈದ್ಯನನ್ನು ಬಾರ್ಬಡೋಸ್ ದ್ವೀಪಕ್ಕೆ ದಾಸ್ಯಕ್ಕಾಗಿ ಕಳುಹಿಸಲಾಯಿತು. ಆತನು ತಪ್ಪಿಸಿಕೊಂಡು ಬಂದು ೧೬೮೯ರಲ್ಲಿ ತನ್ನ ವೃತ್ತಾಂತವನ್ನು ಪ್ರಕಟಿಸಿದನು.

ಗುಣಗಳು

ಚಿತ್ರದ ಮೊದಲ ಗುಣ ಅದರ ಆರಂಭದಲ್ಲಿಯೇ ಇದೆ. ನಾಯಕನು ಕತ್ತಿ ಹಿಡಿದು ಕಥೆಗೆ ಬರುವುದಿಲ್ಲ, ಔಷಧ ಹಿಡಿದು ಬರುತ್ತಾನೆ. ಗಾಯಗೊಂಡವನು ಯಾವ ಪಕ್ಷದವನೆಂದು ಕೇಳದೆ ಶುಶ್ರೂಷೆ ಮಾಡುವುದು ವೈದ್ಯನ ಕಾಯಕ. ಆ ಕಾಯಕವನ್ನು ಅಪರಾಧವೆನ್ನುವ ಪ್ರಭುತ್ವವೇ ಅಪರಾಧಿಯಾಗುತ್ತದೆ. ಈ ತತ್ತ್ವವನ್ನು ಉಪನ್ಯಾಸದ ಹಂಗಿಲ್ಲದೆ ಹತ್ತು ವರುಷದ ಬಾಲಕನ ಮನಸ್ಸಿಗೆ ಮುಟ್ಟಿಸುವುದು ಸಣ್ಣ ಸಾಧನೆಯಲ್ಲ.

ಎರಡನೆಯದು ಸಂಗೀತ. ವಿಶ್ವನಾಥನ್–ರಾಮಮೂರ್ತಿ ಜೋಡಿಯ ರಾಗಸಂಯೋಜನೆ, ಕಣ್ಣದಾಸನ್ ಮತ್ತು ವಾಲಿಯವರ ಗೀತೆಗಳು ಇಲ್ಲಿ ಕಥೆಯ ಹೊರಗಿನ ಅಲಂಕಾರವಾಗಿಲ್ಲ. ಹಕ್ಕಿಯ ಹಾರಾಟವನ್ನೂ ತೆರೆಯ ಕುಣಿತವನ್ನೂ ಸ್ವಾತಂತ್ರ್ಯಕ್ಕೆ ಹೋಲಿಸಿದ ಹಡಗಿನ ಹಾಡು ಕಾರವಾರದ ಬಯಲು ಕಡಲಿನ ಮೇಲೆ ಮೂಡಿದಾಗ, ಬಿಡುಗಡೆಯೆಂದರೇನೆಂಬುದನ್ನು ಭಾಷೆ ತಿಳಿಯದವನೂ ಗ್ರಹಿಸುತ್ತಾನೆ. ಏಕೆ ಎಂಬ ಪ್ರಶ್ನೆಯನ್ನು ಕೇಳದ ಬದುಕು ಬದುಕಲ್ಲವೆಂಬ ಆಶಯದ ಇನ್ನೊಂದು ಗೀತೆಯಿದೆ; ಅದನ್ನು ಯಾವ ಶಾಲೆಯಾದರೂ ತನ್ನದೆಂದುಕೊಳ್ಳಬಹುದು.

ಮೂರನೆಯದು ಲಘುತ್ವ. ಲಘುವಾದುದೆಲ್ಲ ಹಗುರವಾದುದೆಂಬ ಭಾವನೆ ವಿದ್ವಾಂಸರಲ್ಲಿ ಉಂಟು. ಆದರೆ ದಾಸ್ಯದಂಥ ಕ್ರೂರ ವಿಷಯವನ್ನು ನಗೆ, ಹಾಡು, ಕತ್ತಿವರಸೆಗಳ ನಡುವೆ ಇಟ್ಟುದರಿಂದಲೇ ಅದು ಲಕ್ಷಾಂತರ ಜನರ ಬಳಿಗೆ ಹೋಯಿತು. ಸುಮಾರು ಅರ್ಧ ಶತಮಾನದ ಬಳಿಕ, ೨೦೧೪ರಲ್ಲಿ, ಹೊಸ ತಂತ್ರದಿಂದ ಸಂಸ್ಕರಿಸಿ ಮತ್ತೆ ಬಿಡುಗಡೆ ಮಾಡಿದಾಗಲೂ ಜನರು ಅದನ್ನು ಆದರದಿಂದ ನೋಡಿದರು.

ಕೊರತೆಗಳು

ಇನ್ನು ತಕ್ಕಡಿಯ ಮತ್ತೊಂದು ತಟ್ಟೆ. ಕೊಳ್ಳೆ ಹೊಡೆಯುವವರ ಕಥೆಯಲ್ಲಿ ಕೊಳ್ಳೆಹೋದವರಿಗೆ ಸ್ಥಾನವೇ ಇಲ್ಲ. ಲೂಟಿಯಾದ ಹಡಗಿನ ವರ್ತಕ, ಅದರ ಅಂಬಿಗ, ಅವರನ್ನು ನೆಚ್ಚಿದ ಮನೆ ಇವರ ಗತಿಯೇನು? ನಾಯಕನು ಒಳ್ಳೆಯವನೆಂಬ ಒಂದೇ ಕಾರಣಕ್ಕೆ ಕಳ್ಳತನವು ಆಟವಾಗಿಬಿಡುತ್ತದೆ. ನಿಜವಾದ ಇತಿಹಾಸ ಹಾಗಿಲ್ಲ. ಎಕ್ಸ್‌ಕ್ವೆಮೆಲಿನ್ ಎಂಬಾತನು ಟೋರ್ಟೂಗಾ ದ್ವೀಪದಲ್ಲಿ ದುಡಿಮೆಗೆ ಮಾರಾಟವಾಗಿ, ಕಡಲ್ಗಳ್ಳರನ್ನು ಸೇರಿ, ಅವರಿಗೆ ಶಸ್ತ್ರವೈದ್ಯನಾಗಿದ್ದವನು. ಮಣಿಮಾರನಿಗೆ ಹತ್ತಿರದ ನಿಜಜೀವಿ. ೧೬೭೮ರಲ್ಲಿ ಪ್ರಕಟವಾದ ಅವನ ಗ್ರಂಥದಲ್ಲಿ ಕಡಲ್ಗಳ್ಳರ ಕರಾರಿನ ವಿವರವಿದೆ. ಕಾದಾಟದಲ್ಲಿ ಬಲಗೈ ಕಳೆದುಕೊಂಡವನಿಗೆ ೬೦೦ ಬೆಳ್ಳಿ ನಾಣ್ಯ, ಅಥವಾ ೬ ಮಂದಿ ಗುಲಾಮರು. ಒಂದು ಕಣ್ಣು ಹೋದರೆ ೧೦೦ ನಾಣ್ಯ, ಅಥವಾ ಒಬ್ಬ ಗುಲಾಮ. ಗಾಯಾಳು ಸಂಗಾತಿಗೆ ಪರಿಹಾರ ಕೊಡುವ ಔದಾರ್ಯವೂ, ಮನುಷ್ಯನನ್ನು ನಾಣ್ಯದಂತೆ ಎಣಿಸುವ ಕ್ರೌರ್ಯವೂ ಒಂದೇ ಕಾಗದದ ಮೇಲಿವೆ. ಸ್ವಾತಂತ್ರ್ಯದ ಹಾಡು ಹಾಡುವ ಚಿತ್ರವು ಈ ವೈರುಧ್ಯವನ್ನು ಎದುರಿಸುವ ಗೋಜಿಗೆ ಹೋಗುವುದಿಲ್ಲ.

ಎರಡನೆಯ ಕೊರತೆ, ಚಿತ್ರೀಕರಣವಾದ ನೆಲದ ನೆನಪೇ ಚಿತ್ರದಲ್ಲಿ ಇಲ್ಲದಿರುವುದು. ಹೊನ್ನಾವರದ ನೌಕಾನಾಯಕನೊಬ್ಬನು ಪೋರ್ಚುಗೀಜರ ಬರಹಗಳಲ್ಲಿ ‘ತಿಮೋಜ’ ಎಂದು ಕಾಣಿಸಿಕೊಳ್ಳುತ್ತಾನೆ. ಅವರ ಕಣ್ಣಿಗೆ ಮೊದಲು ಕಡಲ್ಗಳ್ಳ, ಅನಂತರ ಮಿತ್ರ. ೧೫೧೦ರಲ್ಲಿ ಗೋವೆಯ ಮೇಲೆ ದಂಡೆತ್ತುವಂತೆ ಅಲ್ಬುಕರ್ಕನಿಗೆ ಪ್ರೇರಣೆಯಿತ್ತು ನೆರವಾದವನೂ ಅವನೇ. ಮರಾಠರ ನೌಕಾಧಿಪತಿ ಕಾನ್ಹೋಜಿ ಆಂಗ್ರೆಯನ್ನೂ ಆಂಗ್ಲರು ಕಡಲ್ಗಳ್ಳನೆಂದೇ ಕರೆದರು. ಯಾರನ್ನು ಯಾರು ಕಳ್ಳನೆನ್ನುತ್ತಾರೆ, ಯಾವ ಲಾಭಕ್ಕಾಗಿ ಎನ್ನುತ್ತಾರೆ ಎಂಬ ಗಂಭೀರ ಪ್ರಶ್ನೆ ಆ ನೀರಿನಲ್ಲಿಯೇ ಇತ್ತು. ಮನರಂಜನೆಯ ಚಿತ್ರವು ಇತಿಹಾಸದ ಪಾಠವಾಗಬೇಕೆಂದು ನಾವು ಹೇಳುವುದಿಲ್ಲ. ಆದರೆ ಅಂಥ ಕಥೆಯಿರುವ ಕರಾವಳಿಯು ಹೆಸರಿಲ್ಲದ ಹಿನ್ನೆಲೆಯಾಗಿ ಮಾತ್ರ ಉಳಿಯಿತೆಂದರೆ ಕನ್ನಡಿಗರಿಗೆ ವ್ಯಥೆಯಾಗದಿರದು.

ಮೂರನೆಯ ಕೊರತೆ ಎಲ್ಲಕ್ಕಿಂತ ಆಳವಾದುದು. ಅದು ಶೀರ್ಷಿಕೆಯಲ್ಲಿಯೇ ಇದೆ. ಸಾವಿರದಲ್ಲಿ ಒಬ್ಬನ ಕಥೆಯನ್ನು ಚಿತ್ರ ಹೇಳುತ್ತದೆ. ಉಳಿದ ಒಂಬೈನೂರ ತೊಂಬತ್ತೊಂಬತ್ತು ಮಂದಿ ಯಾರು? ಹಾಡು ಎಲ್ಲರ ಬಿಡುಗಡೆಯನ್ನು ಸಾರುತ್ತದೆ. ಕಥೆಯಾದರೋ ಬಿಡುಗಡೆಯನ್ನು ಒಬ್ಬನ ತೋಳಿಗೆ ಒಪ್ಪಿಸುತ್ತದೆ. ಅವನು ಸೋಲರಿಯನು, ತಪ್ಪನ್ನೂ ಅರಿಯನು. ಮಿಕ್ಕ ಗುಲಾಮರು ಅವನ ಹಿಂದೆ ನಡೆದು, ಅವನೊಡನೆ ಹಾಡಿ, ಅವನಿಗೆ ಜಯಕಾರ ಹಾಕುವ ಗುಂಪಾಗಿ ಉಳಿಯುತ್ತಾರೆ. ಇಂಗ್ಲಿಷ್ ಚಿತ್ರದಲ್ಲಿಯೂ ನಾಯಕನು ಒಬ್ಬನೇ. ಆದರೂ ಅಲ್ಲಿ ನಾವಿಕರು ಒಟ್ಟಾಗಿ ಒಂದು ಕರಾರಿಗೆ ಒಪ್ಪುವ, ಗಾಯಾಳುವಿಗೆ ಇಷ್ಟೆಂದು ಪಾಲು ನಿಗದಿಯಾಗುವ ಸನ್ನಿವೇಶವಿದೆ. ನಮ್ಮ ಕಿತ್ತೂರಿನ ಇತಿಹಾಸವನ್ನೇ ನೋಡಿರಿ. ಧಾರವಾಡದ ಕಲೆಕ್ಟರ ಥ್ಯಾಕರೆಯು ೧೮೨೪ರಲ್ಲಿ ಕಿತ್ತೂರಿನಲ್ಲಿ ಮಡಿದ ಕದನವನ್ನು ನೆನೆಯುವಾಗ ಜನರು ರಾಣಿಯೊಬ್ಬಳನ್ನೇ ಹೆಸರಿಸುವುದಿಲ್ಲ. ಅಮಟೂರ ಬಾಳಪ್ಪನನ್ನು ಹೆಸರಿಸುತ್ತಾರೆ, ಸಂಗೊಳ್ಳಿ ರಾಯಣ್ಣನನ್ನು ಹೆಸರಿಸುತ್ತಾರೆ. ಜನರ ನೆನಪು ಹೆಸರುಗಳನ್ನು ಹಂಚಿಕೊಳ್ಳುತ್ತದೆ. ಈ ಚಿತ್ರವು ಹಂಚಿಕೊಳ್ಳಲಿಲ್ಲ.

ಇದು ಕೇವಲ ಕಲೆಯ ದೋಷವೆಂದು ಬಿಡುವಂತಿಲ್ಲ. ಚಿತ್ರದ ನಾಯಕ ೧೯೭೭ರಲ್ಲಿಯೂ ನಾಯಕಿ ೧೯೯೧ರಲ್ಲಿಯೂ ತಮಿಳುನಾಡಿನ ಮುಖ್ಯಮಂತ್ರಿಗಳಾದರು. ಅವರ ಆಡಳಿತದ ಮೌಲ್ಯಮಾಪನ ಈ ಲೇಖನದ ಕೆಲಸವಲ್ಲ. ಆದರೆ ತೆರೆಯ ಮೇಲೆ ನಮ್ಮನ್ನು ಬಿಡಿಸಿದವನು ನೆಲದ ಮೇಲೆಯೂ ಬಿಡಿಸುವನೆಂಬ ನಂಬಿಕೆಯನ್ನು ಚಲಚ್ಚಿತ್ರವು ಎಷ್ಟು ಬಲವಾಗಿ ಬಿತ್ತಬಲ್ಲದೆಂಬುದಕ್ಕೆ ದಕ್ಷಿಣ ಭಾರತದ ರಾಜಕಾರಣವೇ ಸಾಕ್ಷಿ. ವಿನೋದಕ್ಕೆಂದು ನೋಡಿದುದು ವಿಶ್ವಾಸವಾಗಿ ಬೆಳೆಯುತ್ತದೆ. ಆದುದರಿಂದಲೇ ಅದನ್ನು ತೂಗಿ ನೋಡಬೇಕು.

ತರಗತಿಯಲ್ಲಿ ಬಳಸುವ ಬಗೆ

ಪ್ರೌಢಶಾಲೆಯ ಮೇಲಿನ ತರಗತಿಗಳಲ್ಲಿ ಈ ಚಿತ್ರವನ್ನಾಗಲಿ, ಇಂಥ ಬೇರೊಂದನ್ನಾಗಲಿ ತೋರಿಸಿದ ಮೇಲೆ ಶಿಕ್ಷಕರು ಕೂಡಲೆ ನೀತಿಯನ್ನು ಹೇಳತೊಡಗಬಾರದು. ಮೊದಲು ಮಕ್ಕಳು ನಗಲಿ, ಮೆಚ್ಚಿದ ದೃಶ್ಯವನ್ನು ಬಣ್ಣಿಸಲಿ. ಆಮೇಲೆ ಈ ಪ್ರಶ್ನೆಗಳನ್ನು ಮುಂದಿಡಬಹುದು:

೧. ಬಂಡಾಯಗಾರನಿಗೆ ಚಿಕಿತ್ಸೆ ಮಾಡಿದ ವೈದ್ಯನು ತಪ್ಪು ಮಾಡಿದನೆ? ಕಾರಣ ಕೊಡಿರಿ.
೨. ಕೊಳ್ಳೆಹೋದ ಹಡಗಿನ ಅಂಬಿಗನಾಗಿ ನಿಮ್ಮ ಮನೆಗೊಂದು ಪತ್ರ ಬರೆಯಿರಿ.
೩. ನಾಯಕನ ಸಂಗಾತಿಗಳಲ್ಲಿ ಎಷ್ಟು ಜನರ ಹೆಸರು ನಿಮಗೆ ನೆನಪಿದೆ? ನೆನಪಿಲ್ಲದಿದ್ದರೆ ಅದು ನಿಮ್ಮ ದೋಷವೋ, ಚಿತ್ರದ್ದೋ?
೪. ನಾಯಕನು ಆ ದ್ವೀಪಕ್ಕೆ ಬಾರದೇ ಹೋಗಿದ್ದರೆ ಗುಲಾಮರು ಏನು ಮಾಡಬಹುದಾಗಿತ್ತು?

ನಾಲ್ಕನೆಯ ಪ್ರಶ್ನೆಗೆ ಮಕ್ಕಳು ಕೊಡುವ ಉತ್ತರದಲ್ಲಿ ಅವರು ಎಂಥ ನಾಗರಿಕರಾಗುವರೆಂಬುದರ ಸುಳಿವು ಸಿಗುತ್ತದೆ.

ಉಪಸಂಹಾರ

ಎರಡೂ ತಟ್ಟೆಗಳನ್ನು ನೋಡಿದ ಮೇಲೆ ನಮ್ಮ ನಿರ್ಣಯವೇನು? ಚಿತ್ರವು ನೋಡತಕ್ಕದ್ದು, ಮಕ್ಕಳೊಡನೆ ಕುಳಿತು ನೋಡತಕ್ಕದ್ದು. ಅದರ ಹೃದಯ ಸರಿಯಾದ ಕಡೆಗಿದೆ. ದಾಸ್ಯವನ್ನು ಅದು ಎಲ್ಲಿಯೂ ಸಮರ್ಥಿಸುವುದಿಲ್ಲ. ಅದರ ಲೆಕ್ಕ ಮಾತ್ರ ತಪ್ಪಿದೆ; ಒಂದನ್ನು ಎಣಿಸಿ ಉಳಿದುದನ್ನು ಎಣಿಸದೆ ಬಿಟ್ಟಿದೆ.

ಈ ತಪ್ಪು ನಮ್ಮದೂ ಆಗಬಹುದೆಂಬುದನ್ನು ಇಲ್ಲಿ ನೆನೆಯುವುದು ಉಚಿತ. ಸ್ಮರಣ ಸಂಪುಟಗಳಲ್ಲಿ ಪದಕ ಪಡೆದವರ, ಉನ್ನತ ಹುದ್ದೆಗೇರಿದವರ ಭಾವಚಿತ್ರಗಳು ಅಚ್ಚಾಗುತ್ತವೆ. ಅದು ಯುಕ್ತವೇ. ಆದರೆ ಅದೇ ಬೆಂಚಿನ ಮೇಲೆ ಕುಳಿತು ಕಲಿತು, ಹೊಲಕ್ಕೆ ಹೋದವನೂ, ಅಂಗಡಿಯಿಟ್ಟವನೂ, ಬಸ್ಸು ನಡೆಸುವವನೂ, ಮನೆ ನಡೆಸಿದವಳೂ ಶಾಲೆಯ ಫಲವೇ ಆಗಿದ್ದಾರೆ. ದಾನಿಗಳು ಕೊಟ್ಟ ಅನ್ನವನ್ನೂ ಅಕ್ಷರವನ್ನೂ ಸಾವಿರ ಮಂದಿಯೂ ಉಂಡಿದ್ದಾರೆ. ಸಾವಿರದಲ್ಲೊಬ್ಬನನ್ನು ಲೋಕವು ತಾನಾಗಿಯೇ ಗುರುತಿಸುತ್ತದೆ. ಉಳಿದವರ ಹೆಸರು ಹಿಡಿದು ಕರೆಯುವ ಹಾಜರಿ ಪುಸ್ತಕ ಶಿಕ್ಷಕನ ಕೈಯಲ್ಲಿದೆ.