ಹುಟ್ಟುಗುಣವೋ, ಬೆಳೆದ ಗುಣವೋ?

‘ಹುಟ್ಟುಗುಣ ಸುಟ್ಟರೂ ಹೋಗದು’ ಅಂತಾರೆ. ಅಪ್ಪ ಶೇರಿನಲ್ಲಿ ದುಡ್ಡು ಕಳಕೊಂಡ ಮೇಲೆ ನೆಂಟರು ನನ್ನನ್ನು ನೋಡಿಯೂ ಹೀಗೇ ಅಂದರು. ಇದು ಎಷ್ಟು ನಿಜ?

2009ರಲ್ಲಿ ಪ್ರಕಟವಾದ ಸ್ವೀಡನ್ನಿನ ಅವಳಿಗಳ ಅಧ್ಯಯನವೊಂದನ್ನು ನೋಡೋಣ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳ ವಂಶವಾಹಿಗಳು ಹೆಚ್ಚುಕಡಿಮೆ ಒಂದೇ. ಉಳಿದ ಅವಳಿಗಳಲ್ಲಿ ಸುಮಾರು ಅರ್ಧ ಸಮಾನ. ಇವರನ್ನು ಹೋಲಿಸಿದಾಗ, ಹಣವನ್ನು ಅಪಾಯಕ್ಕೊಡ್ಡುವುದರಲ್ಲೂ ದಾನ ಕೊಡುವುದರಲ್ಲೂ ಜನರ ನಡುವೆ ಕಂಡ ವ್ಯತ್ಯಾಸಕ್ಕೆ ವಂಶವಾಹಿಯ ಪಾಲು ಸುಮಾರು ಶೇಕಡಾ 20.

ಗಮನಿಸಿ, ಇದು ಗುಂಪಿನ ಲೆಕ್ಕ, ಒಬ್ಬನ ಜಾತಕವಲ್ಲ. ಉಳಿದದ್ದೆಲ್ಲ ಮನೆಯವರು ಕಲಿಸಿದ್ದೂ ಅಲ್ಲ. ಅಣ್ಣತಮ್ಮಂದಿರಿಗೂ ಬೇರೆ ಬೇರೆ ಗೆಳೆಯರು, ಅನುಭವಗಳು ಇರುತ್ತವೆ.

ಅಪಾಯಕ್ಕೆ ಕೈಹಾಕುವ ಸ್ವಭಾವ ನನಗೂ ಸ್ವಲ್ಪ ಬಂದಿರಬಹುದು. ಆದರೆ ಹಾಕುತ್ತಿರೋದು ನನ್ನ ದುಡ್ಡೋ, ಅಮ್ಮನ ಬಳೆ ಅಡವಿಟ್ಟ ದುಡ್ಡೋ ಎಂದು ಕೇಳಿಕೊಳ್ಳಬೇಕಾದವನು ನಾನೇ.